ಕುಂಬಾರನ ಕತ್ತೆಗೆ ಬಾಣ ಹಾಕಬೇಕಾ?

ಈ ಸಲದ ಪ್ರಬಂಧಕ್ಕೆ ಒಂದು ಚಿತ್ರ ಬೇಕಿತ್ತು. ಆದರೆ ನಿಮ್ಮಲ್ಲಿ ಅರ್ಧ ಜನ ಇದನ್ನ ಕಾರ್ ಓಡಿಸ್ತಾನೋ ಪಾತ್ರೆ ತೊಳೀತಾನೋ ಕೇಳ್ತಿರ್ತೀರಿ ಅಂತ ಗೊತ್ತು. ಹಾಗಾಗಿ ಚಿತ್ರವನ್ನ ಮಾತಲ್ಲೇ ಬಿಡಿಸ್ತೀನಿ.

ಒಂದು ದೊಡ್ಡ ಬಿಳಿ ಹಾಳೆ ಅಂದ್ಕೊಳ್ಳಿ. ಅದರ ತುಂಬಾ ಸಣ್ಣ ಸಣ್ಣ ಡಬ್ಬಿಗಳು. ಒಂದು ಡಬ್ಬಿ ಅಂದ್ರೆ ಒಂದು ಸರ್ವರ್, ಇನ್ನೊಂದು ಡೇಟಾಬೇಸ್, ಮತ್ತೊಂದು ಪ್ರಿಂಟರ್, ಮೇಲ್ಗಡೆ 'ರೋಗಿಗಳ ಅಪಾಯಿಂಟ್‌ಮೆಂಟ್ ಸೇವೆ' ಅನ್ನೋ ದೊಡ್ಡ ಡಬ್ಬಿ. ಡಬ್ಬಿಯಿಂದ ಡಬ್ಬಿಗೆ ಗೆರೆಗಳು. ಕೆಲವು ಗೆರೆಗಳಿಗೆ ತುದಿಯಲ್ಲಿ ಬಾಣ ಇದೆ, ಕೆಲವಕ್ಕೆ ಇಲ್ಲ. ನಾನು ಇಂಗ್ಲೆಂಡಿನ ನಡುಭಾಗದ ಒಂದು ಊರಲ್ಲಿ, ಆಸ್ಪತ್ರೆಗಳಿಗೆ ಐಟಿ ಸೇವೆ ಕೊಡುವ ಒಂದು ಸಂಸ್ಥೆಯಲ್ಲಿ, ಹನ್ನೊಂದು ವರ್ಷದಿಂದ ಮಾಡ್ತಿರೋ ಕೆಲಸ ಇದೇ: ಯಾವ ಗೆರೆಗೆ ಬಾಣ, ಯಾವುದಕ್ಕೆ ಬೇಡ ಅಂತ ತೀರ್ಮಾನ ಮಾಡೋದು. ಊರಿಗೆ ಹೋದಾಗ 'ಏನ್ ಕೆಲ್ಸ ಮಾಡ್ತೀಯಮ್ಮಾ' ಅಂತ ಕೇಳಿದ್ರೆ 'ಕಂಪ್ಯೂಟರ್' ಅಂತ ಹೇಳಿ ಮುಗಿಸಿಬಿಡ್ತೀನಿ. ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಮೂರು ವರ್ಷದ ಹಿಂದೆ ನಾನು ಹಾಕದೇ ಬಿಟ್ಟ ಒಂದು ಬಾಣದ ವಿಷಯ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಈ ಹಾಳೆಗೆ ನಮ್ಮ ಧಂದೆಯಲ್ಲಿ ಸಿಎಂಡಿಬಿ ಅಂತ ಹೆಸರು. ಸಂಸ್ಥೆಯ ಹತ್ತಿರ ಇರೋ ಒಂದೊಂದು ಐಟಿ ವಸ್ತುವಿನ ದಾಖಲೆ, ಅವುಗಳ ನಡುವಿನ ಸಂಬಂಧದ ದಾಖಲೆ. ಈ ಶಿಸ್ತೆಲ್ಲಾ ಶುರುವಾಗಿದ್ದು ಇದೇ ದೇಶದಲ್ಲಿ. 1980ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರದ ಸಿಸಿಟಿಎ ಅನ್ನೋ ಸಂಸ್ಥೆ, ಸರ್ಕಾರಿ ಕಂಪ್ಯೂಟರ್ ಕೆಲಸಗಳು ಹೇಗೆ ನಡೀಬೇಕು ಅಂತ ಪುಸ್ತಕಗಳ ಸಾಲನ್ನೇ ತಂದಿತು. ಅದೇ ಐಟಿಐಎಲ್. ಬೆಂಗಳೂರಿನಲ್ಲಿ ಸಾವಿರಾರು ಹುಡುಗ ಹುಡುಗಿಯರು ಅದರ ಸರ್ಟಿಫಿಕೇಟ್ ಪರೀಕ್ಷೆ ಬರೆದಿದ್ದಾರೆ, ಕೇಳ್ತಿರೋರಲ್ಲೂ ಕೆಲವರು ಇರ್ತೀರಿ.

ಗೆರೆಗಳಲ್ಲಿ ಎರಡು ಜಾತಿ. ಒಂದು ಬರೀ ಸಂಬಂಧ: ಈ ಸರ್ವರ್ ಆ ರೂಮಿನಲ್ಲಿದೆ, ಈ ಲ್ಯಾಪ್‌ಟಾಪ್ ಆ ಇಲಾಖೆಯದ್ದು. ಇನ್ನೊಂದು ಪರಿಣಾಮದ ಸಂಬಂಧ: ಇದು ಕೆಟ್ಟರೆ ಅದೂ ಕೆಡುತ್ತೆ. ಎರಡನ್ನೂ ಒಂದೇ ಅಂತ ತಿಳ್ಕೊಳ್ಳೋದು ಹೊಸಬರು ಮಾಡೋ ಮೊದಲ ತಪ್ಪು. ಬ್ಯಾಕಪ್ ಸರ್ವರ್‌ಗೂ ಡೇಟಾಬೇಸ್‌ಗೂ ಗಟ್ಟಿ ಸಂಬಂಧ ಇದೆ, ಆದರೆ ಮಧ್ಯಾಹ್ನ ಬ್ಯಾಕಪ್ ನಿಂತು ಹೋದ್ರೆ ಡೇಟಾಬೇಸ್‌ಗೆ ಏನೂ ಆಗಲ್ಲ. ಅದಕ್ಕೇ ಬಿಎಂಸಿಯ ಸಿಎಂಡಿಬಿಯಂಥ ಸಾಫ್ಟ್‌ವೇರ್‌ಗಳಲ್ಲಿ ಒಂದೊಂದು ಸಂಬಂಧಕ್ಕೂ ಪ್ರತ್ಯೇಕವಾಗಿ ಕೇಳ್ತಾರೆ: ಇದರಲ್ಲಿ ಪರಿಣಾಮ ಹರಿಯುತ್ತಾ, ಹರಿದರೆ ಯಾವ ಕಡೆಗೆ? ಹೌದು ಅಂದ್ರೆ ಬಾಣ. ಆಮೇಲೆ ಯಾರಾದರೂ 'ಶುಕ್ರವಾರ ರಾತ್ರಿ ಈ ಡಬ್ಬಿ ಆಫ್ ಮಾಡ್ತೀವಿ' ಅಂತ ಅರ್ಜಿ ಹಾಕಿದ್ರೆ, ಸಾಫ್ಟ್‌ವೇರ್ ಬಾಣಗಳ ಹಿಂದೆ ನಡ್ಕೊಂಡು ಹೋಗಿ, ಯಾವ್ಯಾವ ಸೇವೆಗೆ ಪೆಟ್ಟು ಬೀಳುತ್ತೆ ಅಂತ ಪಟ್ಟಿ ಕೊಡುತ್ತೆ. ಬಾಣ ಇಲ್ಲದ ಕಡೆ ಅದು ನಡೆಯೋದೇ ಇಲ್ಲ. ಅದರ ಲೆಕ್ಕದಲ್ಲಿ ಅಲ್ಲಿ ಊರೇ ಇಲ್ಲ.

ಮಗಳಿಗೆ ಶನಿವಾರದ ಕನ್ನಡ ಕ್ಲಾಸಿಗೆ ವ್ಯಾಕರಣ ಹೇಳಿಕೊಡೋವಾಗ ನನಗೆ ಈ ಬಾಣ ಸರಿಯಾಗಿ ಅರ್ಥ ಆಯ್ತು. ಕನ್ನಡದಲ್ಲಿ 'ಇಸು' ಅಂತ ಒಂದು ಪ್ರತ್ಯಯ ಇದೆಯಲ್ಲ. ಬೀಳು, ಬೀಳಿಸು. ನಿಲ್ಲು, ನಿಲ್ಲಿಸು. ಅಳು, ಅಳಿಸು. ಇಸು ಸೇರಿಸಿದ ತಕ್ಷಣ ವಾಕ್ಯಕ್ಕೆ ಇನ್ನೊಬ್ಬ ಮನುಷ್ಯ ಬಂದುಬಿಡ್ತಾನೆ. 'ಲೋಟ ಬಿತ್ತು' ಅಂದ್ರೆ ಲೋಟ ಒಂದೇ ಇದೆ. 'ಲೋಟ ಬೀಳಿಸಿದೆ' ಅಂದ್ರೆ ನಾನೂ ಇದ್ದೀನಿ. ಬಾಣ ಅಂದ್ರೆ ಇದೇ ಇಸು. ನಮ್ಮ ಆಫೀಸಿನಲ್ಲಿ ಮಾತ್ರ ಯಾರೂ ಇಸು ಬಳಸಲ್ಲ. ಸರ್ವರ್ ಬಿತ್ತು, ಲಿಂಕ್ ಹೋಯ್ತು, ಸಿಸ್ಟಮ್ ನಿಂತಿತು. ಎಲ್ಲಾ ತಾವಾಗೇ. ಮಗಳೂ ಅಷ್ಟೇ ಅನ್ನಿ, ಅವಳ ಕನ್ನಡದಲ್ಲಿ ಲೋಟಗಳು ಯಾವಾಗ್ಲೂ ತಾವೇ ಬೀಳ್ತವೆ.

ಈಗ ಆ ಬಾಣದ ವಿಷಯ.

ನಮ್ಮ ಒಂದು ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಹಳೇ ಪಿಸಿ ಒಂದಿತ್ತು. ಅದರ ಕೆಲಸ ಎಸ್‌ಎಂಎಸ್ ಕಳಿಸೋದು. ನಾನು ಅದನ್ನ ಹಾಳೆಗೆ ಸೇರಿಸೋವಾಗ ಅಲ್ಲಿಯ ಗುಮಾಸ್ತೆಯನ್ನ ಕೇಳಿದ್ದೆ, 'ಇದೇನು ಮಾಡುತ್ತೆ?' ಆಕೆ ಹೇಳಿದ್ಳು, 'ಅಪಾಯಿಂಟ್‌ಮೆಂಟ್ ನೆನಪಿಸೋ ಮೆಸೇಜ್ ಅಷ್ಟೇ. ಅದೂ ಬಹುಪಾಲು ಹೊಸ ಸಿಸ್ಟಮ್‌ಗೆ ಹೋಗಿದೆ.' ಬಹುಪಾಲು ಅನ್ನೋ ಮಾತು ನನ್ನ ಕಿವಿಗೆ ಬಿತ್ತು. ಬಿದ್ದದ್ದು ನೆನಪಿದೆ. 'ಉಳಿದದ್ದು ಯಾವುದು' ಅಂತ ಕೇಳಬೇಕು ಅನ್ನಿಸಿದ್ದೂ ನೆನಪಿದೆ. ಆ ದಿನ ಇನ್ನೂ ಮೂವತ್ತು ಡಬ್ಬಿ ಬಾಕಿ ಇತ್ತು. ಗೆರೆ ಎಳೆದೆ, ಬಾಣ ಹಾಕಲಿಲ್ಲ.

ಎರಡು ವರ್ಷ ಆದಮೇಲೆ, ಒಂದು ಫೆಬ್ರವರಿ ಶುಕ್ರವಾರ ರಾತ್ರಿ, ಆ ರೂಮಿನಲ್ಲಿ ವೈರಿಂಗ್ ಕೆಲಸಕ್ಕೆ ಕರೆಂಟ್ ತೆಗೆದರು. ಅದಕ್ಕೆ ಮುಂಚೆ ನಿಯಮದ ಪ್ರಕಾರ ಪರಿಣಾಮದ ವರದಿ ತೆಗೆಸಿದ್ರು. ಪೆಟ್ಟು ಬೀಳುವ ಸೇವೆಗಳು: 0. ಅನುಮತಿ ಐದು ನಿಮಿಷದಲ್ಲಿ ಸಿಕ್ಕಿತು.

ಉಳಿದಿದ್ದ ಆ ಸ್ವಲ್ಪ ಪಾಲು ಏನು ಅಂತ ಆಮೇಲೆ ಗೊತ್ತಾಯ್ತು. ಡಯಾಲಿಸಿಸ್‌ಗೆ ಬರೋ ವಯಸ್ಸಾದವರನ್ನ ಮನೆಯಿಂದ ಕರ್ಕೊಂಡು ಬರೋ ಡ್ರೈವರ್‌ಗಳಿಗೆ, ಕೊನೆ ಘಳಿಗೆಯಲ್ಲಿ ಸಮಯ ಬದಲಾದವರ ವಿಳಾಸ ಈ ಪಿಸಿಯಿಂದ ಬೆಳಗಿನ ಜಾವ ಮೆಸೇಜಾಗಿ ಹೋಗ್ತಿತ್ತು. ಆ ಶನಿವಾರ ಅಂಥವರು ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಒಬ್ಬರೇ ವಾಸ. ಬೆಳಿಗ್ಗೆ ಆರಕ್ಕೇ ಕೋಟು ಹಾಕ್ಕೊಂಡು, ಬ್ಯಾಗ್ ತೊಡೆ ಮೇಲಿಟ್ಕೊಂಡು, ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಹತ್ತೂವರೆವರೆಗೆ. ಗಾಡಿ ಬರೋದು ತಡ ಆದ್ರೂ ಫೋನ್ ಮಾಡಬೇಡಿ, ಬಂದೇ ಬರುತ್ತೆ ಅಂತ ಹಿಂದೆ ಯಾರೋ ಹೇಳಿದ್ದರಂತೆ. ಹಾಗಾಗಿ ಮಾಡಿಲ್ಲ. ಕೊನೆಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ನೋಡಿ ಆಸ್ಪತ್ರೆಗೆ ಫೋನ್ ಮಾಡಿದ್ರು. ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಗಬೇಕಾದದ್ದು, ಒಂದು ದಿನ ತಪ್ಪಿದ್ರೆ ಮೈಯಲ್ಲಿ ನೀರು ತುಂಬುತ್ತೆ, ಪೊಟ್ಯಾಸಿಯಂ ಏರುತ್ತೆ. ಅವರಿಗೆ ಭಾನುವಾರ ಮಾಡಿದ್ರು. ಏನೂ ಅನಾಹುತ ಆಗಲಿಲ್ಲ. ದೂರಿನ ವರದಿಯಲ್ಲೂ 'ಹಾನಿ ಇಲ್ಲ' ಅಂತಲೇ ಇದೆ.

ಈ ಕಥೆಯಲ್ಲಿ ನಾನು ಏನು ಮಾಡಿದೆ? ಕರೆಂಟ್ ತೆಗೆದದ್ದು ನಾನಲ್ಲ. ಅನುಮತಿ ಕೊಟ್ಟದ್ದು ನಾನಲ್ಲ. ಡ್ರೈವರ್‌ಗಳ ಮೆಸೇಜನ್ನ ಹೊಸ ಸಿಸ್ಟಮ್‌ಗೆ ಸಾಗಿಸದೇ ಬಿಟ್ಟದ್ದು ನಾನಲ್ಲ. ನಾನು ಒಂದು ಗೆರೆಗೆ ತುದಿ ಬರೀಲಿಲ್ಲ, ಅಷ್ಟೇ. 'ಇಸು' ಎಲ್ಲಿ ಬರುತ್ತೆ ಇಲ್ಲಿ? ಆಕೆ ಕಾದರು. ಕಾಯಿಸಿದ್ದು ಯಾರು?

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಸಂಸ್ಕೃತ ಓದಿದವರು, ತರ್ಕದ ಹುಚ್ಚು. ಬೇಸಿಗೆ ರಜೆಯಲ್ಲಿ ಜಗಲಿ ಮೇಲೆ ಕೂರಿಸ್ಕೊಂಡು ಮಡಕೆಯ ಕಥೆ ಹೇಳೋರು. ನ್ಯಾಯಶಾಸ್ತ್ರದವರಿಗೆ ಮಡಕೆ ಅಂದ್ರೆ ಪ್ರಾಣ, ಏನೇ ವಿವರಿಸಬೇಕಾದ್ರೂ ಮಡಕೆಯೇ ಬರಬೇಕು. ಮಡಕೆಗೆ ಕಾರಣ ಯಾವುದು? ಮಣ್ಣಿನ ಹೋಳುಗಳು, ಚಕ್ರ, ಚಕ್ರ ತಿರುಗಿಸೋ ಕೋಲು, ಕುಂಬಾರ. ಸರಿ. ಆದರೆ ಕುಂಬಾರನ ಅಪ್ಪ? ಅವನಿಲ್ಲದೆ ಕುಂಬಾರ ಇಲ್ಲವಲ್ಲ? ಕೋಲಿನ ಬಣ್ಣ? ಮಣ್ಣು ಹೊತ್ತು ತಂದ ಕತ್ತೆ? ಇವೆಲ್ಲಾ ಮಡಕೆಗಿಂತ ಮುಂಚೆ ಇದ್ದವು, ನಿಜ. ಹಾಗಂತ ಇವನ್ನೆಲ್ಲಾ ಕಾರಣ ಅನ್ನುತ್ತಾ ಹೋದ್ರೆ ಪಟ್ಟಿಗೆ ಕೊನೆಯೇ ಇರಲ್ಲ. ಅದಕ್ಕೆ ಅವರು ಒಂದು ಪದ ಇಟ್ಟರು: ಅನ್ಯಥಾಸಿದ್ಧ. ಇದ್ದರೂ ಲೆಕ್ಕಕ್ಕಿಲ್ಲದ್ದು ಅಂತ ಇಟ್ಕೊಳ್ಳಿ. ಐದು ಬಗೆಯ ಅನ್ಯಥಾಸಿದ್ಧಗಳನ್ನ ಎಣಿಸ್ತಾರೆ, ಐದನೆಯದರಲ್ಲಿ ಕತ್ತೆ ಬರುತ್ತೆ. ನಾವು ಮಕ್ಕಳೆಲ್ಲಾ ಕತ್ತೆ ಬಂದ ಕೂಡಲೇ ನಗ್ತಿದ್ವಿ. ದೊಡ್ಡಪ್ಪನೂ ಅದಕ್ಕೇ ಕಾಯ್ತಿದ್ರು ಅನ್ಸುತ್ತೆ.

ಕತ್ತೆಯನ್ನ ಯಾಕೆ ಬಿಟ್ಟರು ಅನ್ನೋದು ನೋಡಿ, ತುಂಬಾ ಜಾಣತನದ ವಾದ. ಈ ಒಂದು ಮಡಕೆಗೆ ಈ ಕತ್ತೆಯೇ ಮಣ್ಣು ತಂದಿರಬಹುದು. ಆದರೆ ಮಡಕೆ ಅನ್ನೋ ಜಾತಿಗೆ ಕತ್ತೆ ಬೇಕಾಗಿಲ್ಲ. ಬೇರೆ ಊರಲ್ಲಿ ಗಾಡಿಯಲ್ಲಿ ಮಣ್ಣು ಬರುತ್ತೆ, ಇನ್ನೊಂದೂರಲ್ಲಿ ತಲೆ ಮೇಲೆ ಹೊತ್ತು ತರ್ತಾರೆ, ಅಲ್ಲೂ ಮಡಕೆ ಆಗುತ್ತೆ. ಎಲ್ಲಾ ಮಡಕೆಗೂ ಬೇಕಾದ ಕಾರಣಗಳೇ ಈ ಮಡಕೆಗೂ ಸಾಕು. ಹಾಗಾಗಿ ಕತ್ತೆ ಹೊರಗೆ.

ನಾನು ಹನ್ನೊಂದು ವರ್ಷದಿಂದ ಮಾಡ್ತಿರೋದು ಇದನ್ನೇ ಅಂತ ಹೊಳೆದ ದಿನ ಸ್ವಲ್ಪ ಕಸಿವಿಸಿಯಾಯ್ತು. 'ರೋಗಿಗಳ ಅಪಾಯಿಂಟ್‌ಮೆಂಟ್ ಸೇವೆ' ಅನ್ನೋ ಜಾತಿಗೆ ಆ ಹಳೇ ಪಿಸಿ ಬೇಕಾಗಿರಲಿಲ್ಲ. ಅದಿಲ್ಲದೆಯೂ ಸೇವೆ ನಡೀತು, ಆ ಶನಿವಾರವೂ ನಡೀತು. ನೂರಾರು ಜನ ಸಮಯಕ್ಕೆ ಸರಿಯಾಗಿ ಬಂದು ಹೋದರು. ತರ್ಕದ ಲೆಕ್ಕದಲ್ಲಿ ವರದಿಯ ಸೊನ್ನೆ ಸರಿಯೇ. ತಪ್ಪಿದ್ದು ಒಂದು ಮಡಕೆ ಮಾತ್ರ, ಕೋಟು ಹಾಕ್ಕೊಂಡು ಬಾಗಿಲಲ್ಲಿ ಕೂತಿದ್ದ ಆ ಒಂದು. ಅದಕ್ಕೆ ಮಣ್ಣು ತರ್ತಿದ್ದದ್ದು ಆ ಕತ್ತೆಯೇ ಆಗಿತ್ತು.

ನನ್ನ ಮಾದರಿ ಜಾತಿಯನ್ನ ಕಾಣುತ್ತೆ, ವ್ಯಕ್ತಿಯನ್ನ ಕಾಣಲ್ಲ. ಪೆಟ್ಟು ಬೀಳೋದು ಮಾತ್ರ ಯಾವಾಗ್ಲೂ ವ್ಯಕ್ತಿಗೆ.

ನಮ್ಮ ಮ್ಯಾನೇಜರ್ ಇದನ್ನ ಒಪ್ಪಲ್ಲ, ಅವರ ಮಾತಿನಲ್ಲೂ ಹುರುಳಿದೆ. ನಾನು ಹೊಸದರಲ್ಲಿ ಸಿಕ್ಕಸಿಕ್ಕ ಕಡೆಯೆಲ್ಲಾ ಬಾಣ ಹಾಕ್ತಿದ್ದೆ. ಆಗ ಏನಾಗ್ತಿತ್ತು ಅಂದ್ರೆ, ಯಾರೋ ಒಂದು ಪ್ರಿಂಟರ್ ಬದಲಾಯಿಸ್ತೀನಿ ಅಂದ್ರೂ ಅರ್ಧ ಆಸ್ಪತ್ರೆ ಕೆಂಪಾಗ್ತಿತ್ತು. ನಲವತ್ತು ಸೇವೆಗೆ ಅಪಾಯ, ಏಳು ಜನರ ಸಹಿ ಬೇಕು, ಮಂಗಳವಾರದ ಮೀಟಿಂಗಿಗೆ ಬನ್ನಿ. ಒಂದು ತಿಂಗಳೊಳಗೆ ಜನ ಆ ವರದಿ ಓದೋದನ್ನೇ ಬಿಟ್ಟರು. ಎಲ್ಲದಕ್ಕೂ ಕೂಗೋ ನಾಯಿಯ ಕೂಗಿಗೆ ಯಾರೂ ಏಳಲ್ಲ. 'ನೀನು ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿದ್ರೆ ನಕ್ಷೆ ಅಲ್ಲ ಅದು, ಬರೀ ಊರು' ಅಂದ್ರು ಮ್ಯಾನೇಜರ್. ಚೆನ್ನಾಗಿ ಹೇಳಿದ್ರು, ಒಪ್ಪಬೇಕು. 'ಜಗತ್ತಿನಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ' ಅಂತ ಸತ್ಸಂಗದಲ್ಲಿ ಹೇಳೋದು ಸುಲಭ. ಅದನ್ನ ನಂಬ್ಕೊಂಡು ಒಂದು ಆಸ್ಪತ್ರೆಯ ಕರೆಂಟ್ ಯಾವಾಗ ತೆಗೀಬೇಕು ಅಂತ ಹೇಳಕ್ಕಾಗಲ್ಲ. ಬಾಣ ಬಿಡಲೇಬೇಕು. ಕತ್ತೆಗಳನ್ನ ಹೊರಗಿಡಲೇಬೇಕು.

ಪ್ರಶ್ನೆ ಇರೋದು ಯಾರನ್ನ ಕತ್ತೆ ಅಂತ ಎಣಿಸ್ತೀವಿ ಅನ್ನೋದರಲ್ಲಿ. ಅದು ತರ್ಕದ ಪ್ರಶ್ನೆಯಂತೆ ಕಾಣುತ್ತೆ, ಆದರೆ ಅದಕ್ಕೆ ಉತ್ತರ ಕೊಡೋವಾಗ ನಾವು ಬಳಸೋದು ತರ್ಕ ಅಲ್ಲ. ನಿಜ ಹೇಳ್ತೀನಿ: ಬಾಣ ಬಿಡೋವಾಗ ನಾನು ಯೋಚಿಸೋದು, ಈ ಬಾಣ ಬಿಟ್ಟರೆ ಯಾರು ನನಗೆ ಫೋನ್ ಮಾಡಿ ಬೈತಾರೆ ಅಂತ. ಸರ್ಜನ್‌ಗಳ ಸಿಸ್ಟಮ್‌ಗೆ ನಮ್ಮಲ್ಲಿ ಬಾಣಗಳು ದಟ್ಟವಾಗಿವೆ. ಹಣಕಾಸು ಇಲಾಖೆಯದ್ದೂ ದಟ್ಟವಾಗಿದೆ. ಫೋನ್ ಮಾಡಬೇಡಿ ಅಂತ ಹೇಳಿಸ್ಕೊಂಡವರ ಕಡೆಗೆ ಹೋಗೋ ಗೆರೆಗಳು ತೆಳು.

ಶೇಕಡಾವಾರು ನಿಯಮ ಇನ್ನೂ ಮೋಸದ್ದು. ಒಂದೇ ಕೆಲಸಕ್ಕೆ ಹತ್ತು ಸರ್ವರ್ ಇದ್ರೆ, ಮೂರು ಸತ್ತರೂ ಸೇವೆ ಹಸಿರು, ಐದು ಸತ್ತರೆ ಹಳದಿ, ಹೀಗೆ ಒಂದು ಗಡಿ ಹಾಕ್ತೀವಿ. ಸರ್ವರ್‌ಗಳಿಗೆ ಇದು ಒಳ್ಳೇ ನಿಯಮ, ಯಾಕಂದ್ರೆ ಒಂದು ಸರ್ವರ್ ಸತ್ತರೆ ಇನ್ನೊಂದು ಅದರ ಕೆಲಸ ಎತ್ಕೊಳ್ಳುತ್ತೆ. ಅದೇ ನಿಯಮವನ್ನ ಜನರಿಗೂ ಹಚ್ಚಿದರೆ? 2024ರ ಜುಲೈ 19 ನೆನಪಿದೆಯಲ್ಲ, ಕ್ರೌಡ್‌ಸ್ಟ್ರೈಕ್ ಕಳಿಸಿದ ಕೆಟ್ಟ ಅಪ್‌ಡೇಟ್ ಒಂದರಿಂದ ಪ್ರಪಂಚದ ತುಂಬಾ ವಿಂಡೋಸ್ ಮಶೀನುಗಳು ನೀಲಿ ಪರದೆ ತೋರಿಸಿ ಮಲಗಿದವು. ಎಷ್ಟು ಮಶೀನು ಅಂತ ಮೈಕ್ರೋಸಾಫ್ಟ್ ಅಂದಾಜು ಕೊಟ್ಟಿತು: 85 ಲಕ್ಷ. ಜೊತೆಗೇ ಹೇಳಿದ್ದು, ಇದು ಒಟ್ಟು ವಿಂಡೋಸ್ ಮಶೀನುಗಳ ಶೇಕಡಾ 1ಕ್ಕಿಂತ ಕಡಿಮೆ. ನನ್ನ ನಿಯಮದಲ್ಲಿ ಶೇಕಡಾ 1 ಅಂದ್ರೆ ಕಡು ಹಸಿರು, ನೋಡೋದೇ ಬೇಡ. ಆ ದಿನ ವಿಮಾನಗಳು ನಿಂತವು, ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿಗಳು ಬಳಸೋ ಎಮಿಸ್ ಸಿಸ್ಟಮ್ ತೆರೀಲಿಲ್ಲ, ಡಾಕ್ಟರುಗಳು ಕಾಗದ ಪೆನ್ನು ಹಿಡಿದರು. ಬೆಂಗಳೂರು ಏರ್‌ಪೋರ್ಟಿನಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಿಡ್ಕೊಂಡು ಜನ ನಿಂತಿದ್ದರು. ಆ ಶೇಕಡಾ 1ರ ಕೆಲಸವನ್ನ ಉಳಿದ 99 ಎತ್ಕೊಳ್ಳಲಿಲ್ಲ. ಎತ್ಕೊಳ್ಳಕ್ಕೆ ಬರ್ತಿರಲಿಲ್ಲ.

ಎಣಿಸೋನೇ ಹಾಳೆಯ ಹೊರಗಿದ್ದೀನಿ ಅಂದ್ಕೊಳ್ಳೋದು ಇನ್ನೊಂದು. 2017ರ ಫೆಬ್ರವರಿ 28ರಂದು ಅಮೆಜಾನಿನ ಎಸ್3 ಅನ್ನೋ ಸ್ಟೋರೇಜ್ ಸೇವೆ ಅಮೆರಿಕದ ಪೂರ್ವ ಭಾಗದಲ್ಲಿ ಗಂಟೆಗಟ್ಟಲೆ ಬಿದ್ದಿತ್ತು. ಕೆಲವೇ ಸರ್ವರ್‌ಗಳನ್ನ ತೆಗೆಯೋ ಕಮ್ಯಾಂಡ್ ಕೊಡೋವಾಗ ಒಬ್ಬ ನೌಕರ ಒಂದು ಇನ್‌ಪುಟ್ ತಪ್ಪಾಗಿ ಹಾಕಿದ್ದರಿಂದ ಬೇಕಾದ್ದಕ್ಕಿಂತ ತುಂಬಾ ಹೆಚ್ಚು ಸರ್ವರ್‌ಗಳು ಹೋದವು. ಇದರಲ್ಲಿ ನನಗೆ ಕುತೂಹಲ ಇರೋದು ಬೇರೆ ಕಡೆ. ಯಾವ ಸೇವೆ ಸರಿಯಿದೆ, ಯಾವುದು ಕೆಟ್ಟಿದೆ ಅಂತ ಗ್ರಾಹಕರಿಗೆ ತೋರಿಸೋ ಅಮೆಜಾನಿನ ಹೆಲ್ತ್ ಡ್ಯಾಶ್‌ಬೋರ್ಡ್ ಇದೆಯಲ್ಲ, ಅದನ್ನ ಬದಲಾಯಿಸೋ ವ್ಯವಸ್ಥೆಯೇ ಎಸ್3 ಮೇಲೆ ನಿಂತಿತ್ತು. ಹಾಗಾಗಿ ಎಲ್ಲಾ ಬಿದ್ದಿದ್ದಾಗ ಕೆಲವು ಗಂಟೆ ಅವರಿಗೆ ಅದನ್ನ ತಿದ್ದಕ್ಕೇ ಆಗಲಿಲ್ಲ, ಟ್ವಿಟರಿನಲ್ಲಿ ಬರೆದು ಹೇಳಬೇಕಾಯ್ತು. ಕೆಡುಕನ್ನ ಹೇಳಬೇಕಾದ ಬಾಯಿಗೇ ಕೆಡುಕು ತಟ್ಟಿತ್ತು, ಆ ಬಾಣವನ್ನ ಯಾರೂ ನೋಡಿರಲಿಲ್ಲ. ಆದರೆ ಆಮೇಲೆ ಅವರು ಪ್ರಕಟಿಸಿದ ವಿವರಣೆ ನನಗೆ ಇಷ್ಟ ಆಯ್ತು. ನೌಕರನ ಹೆಸರಿಲ್ಲ. ಇಷ್ಟು ಬೇಗ ಇಷ್ಟೊಂದು ಸರ್ವರ್ ತೆಗೆಯಕ್ಕೆ ಬಿಟ್ಟದ್ದು ನಮ್ಮ ಟೂಲಿನ ದೋಷ, ಅದನ್ನ ಸರಿ ಮಾಡಿದ್ದೀವಿ ಅಂತ ಬರೆದಿದ್ರು. ಇಸು ಎಲ್ಲಿ ಸೇರಬೇಕೋ ಅಲ್ಲಿ ಸೇರಿಸಿದ್ರು.

ಬಾಣವನ್ನ ತಿರುಗಿಸಿ ಇಟ್ಟರೆ ಏನಾಗುತ್ತೆ ಅನ್ನೋದಕ್ಕೆ ಈ ದೇಶದಲ್ಲಿ ಒಂದು ಭಯಂಕರ ಉದಾಹರಣೆ ಇದೆ. ಇಲ್ಲಿರೋರಿಗೆ ಗೊತ್ತು, ಬೇರೆ ಕಡೆ ಇರೋರಿಗಾಗಿ ಹೇಳ್ತೀನಿ. ಪೋಸ್ಟ್ ಆಫೀಸಿನ ಶಾಖೆಗಳಲ್ಲಿ ಲೆಕ್ಕಕ್ಕೆ ಹೊರೈಜನ್ ಅನ್ನೋ ಸಾಫ್ಟ್‌ವೇರ್ 1999ರಿಂದ ಬಂತು. ಅದರಲ್ಲಿ ಲೆಕ್ಕ ತಾಳೆ ಆಗದೇ ಹೋದಾಗ, ದುಡ್ಡು ಕದ್ದದ್ದು ಶಾಖೆ ನಡೆಸೋ ಸಬ್‌ಪೋಸ್ಟ್‌ಮಾಸ್ಟರೇ ಅಂತ ತೀರ್ಮಾನ ಮಾಡಿದ್ರು. 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯ್ತು. ಜೈಲಿಗೆ ಹೋದವರಿದ್ದಾರೆ, ಮನೆ ಮಾರಿದವರಿದ್ದಾರೆ, ಜೀವ ಕಳ್ಕೊಂಡವರಿದ್ದಾರೆ. ಅವರಲ್ಲಿ ದಕ್ಷಿಣ ಏಷ್ಯಾ ಮೂಲದ ಅಂಗಡಿಯವರು ಎಷ್ಟೋ ಮಂದಿ. ಇಲ್ಲಿನ ಕೋರ್ಟುಗಳಲ್ಲಿ, ಬೇರೆ ಪುರಾವೆ ಇಲ್ಲದಿದ್ದರೆ ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡ್ತಿತ್ತು ಅಂತ ಮೊದಲೇ ಒಪ್ಕೊಳ್ಳೋ ನಿಯಮ ಇತ್ತು. ನನ್ನ ಭಾಷೆಯಲ್ಲಿ ಹೇಳಬೇಕಂದ್ರೆ: ಮನುಷ್ಯನಿಂದ ಲೆಕ್ಕದ ಕಡೆಗೆ ಬಾಣ ಇತ್ತು, ಸಾಫ್ಟ್‌ವೇರಿನಿಂದ ಮನುಷ್ಯನ ಕಡೆಗೆ ಬಾಣವೇ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು, 2024ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಶಿಕ್ಷೆಗಳನ್ನ ರದ್ದು ಮಾಡಿತು. ಮಧ್ಯೆ ಹೋದ ಇಪ್ಪತ್ತು ವರ್ಷ ಹೋಯ್ತು. ಹೋಯ್ತು ಅಂದೆ ನೋಡಿ, ಮತ್ತೆ ಇಸು ಇಲ್ಲದ ಮಾತು. ಕಳೆದದ್ದಲ್ಲ ಅದು, ಕಿತ್ಕೊಂಡದ್ದು.

ನನ್ನ ಪಿಸಿಯ ಕಥೆಯನ್ನ ಇದರ ಪಕ್ಕ ಇಡ್ತಿಲ್ಲ. ನಾಲ್ಕೂವರೆ ಗಂಟೆ ಕುರ್ಚಿಯಲ್ಲಿ ಕಾಯೋದು ಬೇರೆ, ಜೈಲು ಬೇರೆ. ಆದರೆ ಆ 900 ಜನರ ವಿಷಯದಲ್ಲೂ ಎಲ್ಲೋ ಒಂದು ಕಡೆ, ಒಂದು ಮಧ್ಯಾಹ್ನ, ಒಬ್ಬರು ಯಾರೋ 'ಬಹುಪಾಲು ಸರಿಯಿದೆ' ಅನ್ನೋ ಮಾತು ಕೇಳಿಸ್ಕೊಂಡು ಮುಂದಿನ ಕೆಲಸಕ್ಕೆ ಹೋಗಿರ್ತಾರೆ ಅಂತ ನನಗನ್ಸುತ್ತೆ. ಅವರು ಕೆಟ್ಟವರೇ ಆಗಿರಬೇಕಿಲ್ಲ. ಮೂವತ್ತು ಡಬ್ಬಿ ಬಾಕಿ ಇದ್ದವರಾಗಿದ್ದರೂ ಸಾಕು.

ಬೆಂಗಳೂರಿನಲ್ಲಿ ನಮಗೊಬ್ಬ ಸಹೋದ್ಯೋಗಿ ಇದ್ದಾನೆ, ದಾವಣಗೆರೆ ಕಡೆಯವನು. ಇಲ್ಲಿ ರಾತ್ರಿ ಏನಾದ್ರೂ ಕೆಂಪಾದ್ರೆ ಮೊದಲು ಬಡ್ಕೊಳ್ಳೋದು ಅವನ ಫೋನು. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹತ್ತು ಅಂದ್ರೆ ಅಲ್ಲಿ ಬೆಳಗಿನ ಜಾವ ಮೂರೂವರೆ. ಒಂದಿನ ಕನ್ನಡದಲ್ಲೇ ಕೇಳ್ದ, 'ಮೇಡಂ, ನಿಮ್ಮ ಮ್ಯಾಪಿನಲ್ಲಿ ನಾನೆಲ್ಲಿದ್ದೀನಿ?' ಹುಡುಕಿ ನೋಡಿದೆ. ಇದ್ದಾನೆ. ಪ್ರತಿ ಡಬ್ಬಿಯ ಒಳಗೆ 'ಸಪೋರ್ಟ್ ಗ್ರೂಪ್' ಅನ್ನೋ ಫೀಲ್ಡಿನಲ್ಲಿ ಅವನ ತಂಡದ ಹೆಸರಿದೆ. ಅಂದ್ರೆ ಡಬ್ಬಿ ಕೆಟ್ಟರೆ ಯಾರನ್ನ ಎಬ್ಬಿಸಬೇಕು ಅಂತ ಇದೆ. ಎಬ್ಬಿಸಿದ್ರೆ ಅವನಿಗೇನಾಗುತ್ತೆ ಅನ್ನೋದಕ್ಕೆ ಜಾಗ ಇಲ್ಲ. ಸಾಫ್ಟ್‌ವೇರ್ ಮಾಡಿದವರಿಗೆ ಅದು ಹೊಳೆದಿಲ್ಲ, ನನಗೂ ಅವನು ಕೇಳೋವರೆಗೆ ಹೊಳೆದಿರಲಿಲ್ಲ. 'ನೀನು ಕತ್ತೆ ಕಣೋ' ಅಂದೆ. ದೊಡ್ಡಪ್ಪನ ಕಥೆ ಹೇಳಿದ್ಮೇಲೆ ನಕ್ಕ. 'ಕತ್ತೆ ಆದ್ರೂ ಪರವಾಗಿಲ್ಲ ಮೇಡಂ, ಸಣ್ಣ ಪ್ರಿಂಟರ್ ಕೆಟ್ರೂ ಎಬ್ಬಿಸೋ ಆ ರೂಲ್ ಒಂದು ತೆಗೀರಿ, ಮಗು ಏಳುತ್ತೆ.' ಆ ರೂಲ್ ತೆಗೆದೆ. ನೋಡಿ, ಅಲ್ಲಿ ಬಾಣ ತೆಗೆಯೋದೇ ಸರಿಯಾದ ಕೆಲಸವಾಗಿತ್ತು.

ಹಾಗಾದ್ರೆ ನಾನು ಏನು ಮಾಡಬೇಕಿತ್ತು? ಆ ಗುಮಾಸ್ತೆಯನ್ನ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಅಷ್ಟೇ ಅಂತ ಅನ್ನಿಸುತ್ತೆ ಒಂದೊಂದು ಸಲ. ಆದರೆ ನಾನು ಒಂದು ವರ್ಷಕ್ಕೆ ಎರಡು ಸಾವಿರ ಗೆರೆ ನೋಡ್ತೀನಿ, ಪ್ರತಿಯೊಂದಕ್ಕೂ ಇನ್ನೊಂದು ಪ್ರಶ್ನೆ ಕೇಳಿದ್ರೆ ಕೆಲಸ ಮುಗಿಯಲ್ಲ. ಈಗ ನಾನು ಪಾಲಿಸ್ತಿರೋ ಒಂದು ರೂಢಿ ಇದೆ, ನಿಯಮ ಅಂತ ಕರೆಯಕ್ಕೆ ಧೈರ್ಯ ಸಾಲದು. ಬಾಣ ಬಿಡೋ ಮುಂಚೆ, ಈ ಗೆರೆಯ ಆ ತುದಿಯಲ್ಲಿ ಕಟ್ಟಕಡೆಗೆ ಒಬ್ಬ ಮನುಷ್ಯ ಇದ್ದಾನಾ ಅಂತ ನೋಡ್ತೀನಿ. ಇದ್ದರೆ, ಕೆಟ್ಟ ದಿನ ಅವನಿಗೆ ನಮಗೆ ಹೇಳೋ ದಾರಿ ಇದೆಯಾ? ಇದ್ದರೆ ಬಿಡ್ತೀನಿ, ಅವನೇ ಕೂಗ್ತಾನೆ. ಇಲ್ಲದಿದ್ದರೆ, ಎಷ್ಟೇ ಸಣ್ಣ ಡಬ್ಬಿ ಆಗಿರಲಿ, ಒಬ್ಬರೇ ಆಗಿರಲಿ, ಬಾಣ ಹಾಕ್ತೀನಿ. ಮ್ಯಾನೇಜರ್‌ಗೆ ಇದು ವಿಚಿತ್ರ ಅನ್ನಿಸುತ್ತೆ. ಡಬ್ಬಿಯ ಮಹತ್ವ ನೋಡಿ ಬಾಣ ಹಾಕಬೇಕು, ಮನುಷ್ಯನ ಗಂಟಲು ನೋಡಿ ಅಲ್ಲ ಅಂತಾರೆ. ಪುಸ್ತಕದ ಪ್ರಕಾರ ಅವರೇ ಸರಿ.

ಆ ಹಳೇ ಪಿಸಿಗೆ ಬಾಣ ಹಾಕಿದೆ. ಟೂಲಿನಲ್ಲಿ ರೋಗಿಗೆ ಡಬ್ಬಿ ಮಾಡಕ್ಕೆ ಬರಲ್ಲ, ಹಾಗಾಗಿ 'ಡಯಾಲಿಸಿಸ್ ಪ್ರಯಾಣ, ವಾರಾಂತ್ಯದ ಬದಲಾವಣೆ' ಅಂತ ಒಂದು ಸೇವೆಯನ್ನೇ ಸೃಷ್ಟಿಸಿ ಅದಕ್ಕೆ ಜೋಡಿಸಿದೆ. ಮುಂದಿನ ಸಲ ಆ ರೂಮಿನಲ್ಲಿ ಕೆಲಸ ಬಂದಾಗ ವರದಿ ಕೆಂಪಾಯ್ತು. ಮಂಗಳವಾರದ ಮೀಟಿಂಗಿನಲ್ಲಿ ಯಾರೋ ಕೇಳಿದ್ರು, 'ಇದರ ಬಳಕೆದಾರರು ಎಷ್ಟು ಜನ?' ಒಬ್ಬರು, ಕೆಲವು ವಾರ ಇಬ್ಬರು ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಓವರ್‌ಟೈಮ್ ಕೊಟ್ಟು ಭಾನುವಾರ ಮಧ್ಯಾಹ್ನಕ್ಕೆ ಕೆಲಸ ಹಾಕಿದ್ರು. ಆ ದುಡ್ಡು ಯಾವ ಬಜೆಟಿನಿಂದ ಅಂತ ಇನ್ನೊಂದು ವಾರ ಇಮೇಲ್ ಓಡಾಡಿತು.

ಕಳೆದ ತಿಂಗಳು ನೋಡಿದ್ರೆ ಬಾಣ ಇಲ್ಲ. ಡೇಟಾ ಸ್ವಚ್ಛ ಮಾಡೋ ತಂಡದವರು, ಐದಕ್ಕಿಂತ ಕಡಿಮೆ ಬಳಕೆದಾರರಿರೋ ಸೇವೆಗಳನ್ನೆಲ್ಲಾ ಒಂದೇ ಸಲಕ್ಕೆ ಅಳಿಸಿದ್ದಾರೆ. ಅವರ ಪಟ್ಟಿಯಲ್ಲಿ ಮುನ್ನೂರು ಚಿಲ್ಲರೆ ಇದ್ದವು, ನನ್ನದೂ ಒಂದು. ಉಳಿದವು ಏನೇನಾಗಿದ್ದವು ಅಂತ ಈಗ ಒಂದೊಂದಾಗಿ ನೋಡ್ತಿದ್ದೀನಿ. ನನ್ನ ಬಾಣವನ್ನ ಮತ್ತೆ ಹಾಕಿದ್ದೀನಿ. ಈ ಸಲ ಅದರ ಕಾಮೆಂಟ್ ಫೀಲ್ಡಿನಲ್ಲಿ, ಅಳಿಸೋ ಮುಂಚೆ ನನಗೆ ಫೋನ್ ಮಾಡಿ ಅಂತ ಬರೆದು, ಎಕ್ಸ್‌ಟೆನ್ಶನ್ ನಂಬರ್ ಹಾಕಿದ್ದೀನಿ.